ಮೊದಲ ಹಳೆಯ ಮಿಲಿಟರಿ ಪಿಸ್ತೂಲು: ಮುದ್ರೆಗಿಂತ ಮೊದಲು ತೋಟಾ ನೋಡಿ

ಅಮೆರಿಕದ ಯಾವ ಗನ್ ಶೋಗೆ ಹೋದರೂ ಒಂದೆರಡು ಮೇಜುಗಳ ಮೇಲೆ ಹಳೆಯ ಸೈನ್ಯದ ಪಿಸ್ತೂಲುಗಳು ಸಾಲಾಗಿ ಇರುತ್ತವೆ. ಜರ್ಮನಿಯ ವಾಲ್ಥರ್ ಪಿ38, ಸೋವಿಯತ್ ಮೂಲದ ಟೊಕರೆವ್, ಅಮೆರಿಕದ್ದೇ ಆದ 1911. ಹೊಸಬರ ಕಣ್ಣು ಮೊದಲು ಹೋಗುವುದು ಲೋಹದ ಮೇಲಿನ ಮುದ್ರೆಗಳಿಗೆ, ಇಸವಿಗೆ, ಹೊಂದಾಣಿಕೆಯಾಗುವ ಸೀರಿಯಲ್ ನಂಬರಿಗೆ. ಸಂಗ್ರಹಕಾರರಿಗೆ ಅದು ಸರಿ. ವಾರಾಂತ್ಯದಲ್ಲಿ ರೇಂಜಿಗೆ ಹೋಗಿ ಕಾಗದದ ಗುರಿಗೆ ನೂರು ಗುಂಡು ಹಾರಿಸಿ ಬರಬೇಕೆನ್ನುವವರು ಬೇರೆ ಎರಡು ಪ್ರಶ್ನೆಗಳಿಂದ ಶುರು ಮಾಡಬೇಕು: ಇದಕ್ಕೆ ಬೇಕಾದ ತೋಟಾ ಇವತ್ತು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಯೇ? ಇದರ ಲೋಹ, ಸ್ಪ್ರಿಂಗ್, ಲಾಕುಗಳು ಇನ್ನೂ ಗಟ್ಟಿಯಾಗಿವೆಯೇ? ಈ ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕಿದ ಮೇಲೆ ಇತಿಹಾಸ ನೋಡೋಣ.

ಮೊದಲು ಕಾನೂನು, ಅದರಲ್ಲೂ ವೀಸಾ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಬಹಳ ಮಂದಿ ಎಡವುವ ಜಾಗ ಇದು. ಎಚ್-1ಬಿ, ಎಲ್-1, ಎಫ್-1, ಎಚ್-4 ಇಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ ಒಂದು ಗಂಟೆ ಬಾಡಿಗೆಗೆ ಪಿಸ್ತೂಲು ಪಡೆಯುವುದೂ ಹೊಂದುವುದೇ ಎಂದು ಲೆಕ್ಕ. ಗೆಳೆಯರು ಕರೆದರೆಂದು ಹೋಗಿ ಕೈಗೆತ್ತಿಕೊಂಡರೆ ಅದು ಗಂಭೀರ ಅಪರಾಧವಾಗಬಹುದು, ವಲಸೆಯ ದಾರಿಯೇ ಮುಚ್ಚಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ನಾಗರಿಕರಿಗೂ ಈ ಅಡ್ಡಿ ಇಲ್ಲ. ಮನೆಯಲ್ಲಿ ಒಬ್ಬರು ಗ್ರೀನ್ ಕಾರ್ಡಿನವರು, ಇನ್ನೊಬ್ಬರು ವೀಸಾದವರು ಆಗಿದ್ದರೆ ಸೇಫಿನ ಬೀಗದ ಕೈ ಮೊದಲಿನವರ ಬಳಿ ಮಾತ್ರ ಇರಲಿ. ಸ್ವಲ್ಪವೂ ಅನುಮಾನವಿದ್ದರೆ ವಕೀಲರನ್ನು ಕೇಳಿ, ಆಮೇಲೆ ಹೆಜ್ಜೆ ಇಡಿ.

ಲೈಸೆನ್ಸ್ ಇರುವ ಡೀಲರ್‌ನಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಅಂಗಡಿಯಲ್ಲಿ 4473 ನಮೂನೆ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು. ಬೇರೆ ರಾಜ್ಯದಿಂದ ಆನ್‌ಲೈನಿನಲ್ಲಿ ಕೊಂಡರೆ ಅದು ನೇರ ಮನೆಗೆ ಬರುವುದಿಲ್ಲ. ನಿಮ್ಮ ರಾಜ್ಯದ ಡೀಲರ್ ಬಳಿ ಬರುತ್ತದೆ, ಅವರ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬೇಕು.

ಹಳೆಯ ಪಿಸ್ತೂಲಿನ ವಿಷಯದಲ್ಲಿ ಇನ್ನೊಂದು ಬಾಗಿಲಿದೆ. ತಯಾರಾಗಿ 50 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಬಂದೂಕುಗಳನ್ನು ಅಲ್ಲಿನ ಕಾನೂನು 'ಕ್ಯೂರಿಯೋ ಅಂಡ್ ರೆಲಿಕ್' ಎಂದು ಕರೆಯುತ್ತದೆ. ಇವುಗಳಿಗಾಗಿ ಟೈಪ್ 03 ಎಂಬ ಸಂಗ್ರಹಕಾರರ ಲೈಸೆನ್ಸ್ ಇದೆ. ಶುಲ್ಕ 3 ವರ್ಷಕ್ಕೆ 30 ಡಾಲರ್. ಇದು ಕೈಯಲ್ಲಿದ್ದರೆ ಆ ವರ್ಗದ ಪಿಸ್ತೂಲು ಬೇರೆ ರಾಜ್ಯದಿಂದಲೂ ನೇರವಾಗಿ ನಿಮ್ಮ ವಿಳಾಸಕ್ಕೆ ಬರಬಹುದು. ಬದಲಿಗೆ ಕೊಂಡದ್ದು, ಕೊಟ್ಟದ್ದು ಎಲ್ಲವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಲಾಭದ ವ್ಯಾಪಾರಕ್ಕೆ ಇದನ್ನು ಬಳಸುವಂತಿಲ್ಲ. ಒಂದೇ ಪಿಸ್ತೂಲು ಸಾಕು ಎನ್ನುವವರಿಗೆ ಇದರ ಅಗತ್ಯವಿಲ್ಲ.

ಇದರ ಮೇಲೆ ರಾಜ್ಯದ ಕಾನೂನು. ನ್ಯೂಜೆರ್ಸಿಯಲ್ಲಿ ಪ್ರತಿ ಪಿಸ್ತೂಲಿಗೂ ಮೊದಲೇ ಪರ್ಮಿಟ್ ಬೇಕು, ನ್ಯೂಯಾರ್ಕ್‌ನಲ್ಲಿ ಪಿಸ್ತೂಲ್ ಲೈಸೆನ್ಸ್ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಬೇಕು. ಈ ಮೂರೂ ಕಡೆ 10ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಡಬ್ಬಿಗೆ, ಅಂದರೆ ಮ್ಯಾಗಜಿನ್‌ಗೆ ನಿರ್ಬಂಧವಿದೆ. ಹಾಗಾಗಿ 12 ತೋಟಾ ಹಿಡಿಯುವ ಜೆಕ್ ಸಿಝಡ್ 82, 13 ಹಿಡಿಯುವ ಬ್ರೌನಿಂಗ್ ಹೈ-ಪವರ್ ಇಷ್ಟವಾದರೂ ಅಲ್ಲಿ ತೊಡಕು. ಇನ್ನು ಭಾರತದಲ್ಲಿ ಇರುವವರಿಗೆ: 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ). ಈ ಬರಹ ಊರಿನಲ್ಲಿ ಕೊಳ್ಳುವವರಿಗಲ್ಲ.

'9 ಎಂಎಂ' ಎಂದರೆ ಒಂದೇ ತೋಟಾ ಅಲ್ಲ

ಇಲ್ಲೇ ಹೆಚ್ಚು ದುಡ್ಡು ಪೋಲಾಗುವುದು, ಕೆಲವೊಮ್ಮೆ ಕೈಗೂ ಪೆಟ್ಟಾಗುವುದು. ಪಿ38 ಬಳಸುವುದು 9×19 (ಮೊದಲ ಅಂಕಿ ಗುಂಡಿನ ಅಂದಾಜು ವ್ಯಾಸ, ಎರಡನೆಯದು ತೋಟಾದ ಲೋಹದ ಕೋಶದ ಉದ್ದ, ಮಿಲಿಮೀಟರಿನಲ್ಲಿ), ಅಂದರೆ ಪ್ಯಾರಾಬೆಲಮ್ ಅಥವಾ ಲುಗರ್. ಇವತ್ತು ಎಲ್ಲ ಅಂಗಡಿಯಲ್ಲೂ ಸಿಗುವ, ಪಿಸ್ತೂಲು ತೋಟಾಗಳಲ್ಲಿ ಅಗ್ಗದ ಸಾಲಿಗೆ ಸೇರಿದ ತೋಟಾ ಇದು. ಸೋವಿಯತ್ ಪಿಸ್ತೂಲು ಮಕರೋವ್ ಬಳಸುವುದು 9×18. ಹೆಸರಲ್ಲಿ ಎರಡೂ 9, ಆದರೆ ಮಕರೋವ್ ಗುಂಡಿನ ವ್ಯಾಸ 9.27 ಮಿಲಿಮೀಟರ್, ಪ್ಯಾರಾಬೆಲಮ್ ಗುಂಡಿನದು 9.01. ಇಟಲಿಯ ಬೆರೆಟಾ 1934ಕ್ಕೆ ಬೇಕಾದ 9 ಕುರ್ಟ್ಸ್ ಮೂರನೆಯದು, ಸ್ಪೇನಿನ ಕೆಲವು ಪಿಸ್ತೂಲುಗಳ 9 ಲಾರ್ಗೋ ನಾಲ್ಕನೆಯದು. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಇದಕ್ಕಿಂತ ಅಪಾಯದ್ದು 7.62×25 ಟೊಕರೆವ್ ಮತ್ತು 7.63 ಮೌಸರ್ ಎಂಬ ಜೋಡಿ. ಅಳತೆ ಬಹುಪಾಲು ಒಂದೇ. ಟೊಕರೆವ್ ತೋಟಾ ಹಳೆಯ ಮೌಸರ್ ಸಿ96 ಪಿಸ್ತೂಲಿನೊಳಗೆ ಸಲೀಸಾಗಿ ಹೋಗಿ ಕೂರುತ್ತದೆ, ಹಾರುತ್ತದೆ ಕೂಡ. ಆದರೆ ಸಿ96 ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ತೋಟಾ ಒಳಗೆ ಹೋಯಿತು ಎಂಬುದು ಅದು ಸರಿಯಾದ ತೋಟಾ ಎಂಬುದಕ್ಕೆ ಸಾಕ್ಷಿಯಲ್ಲ.

ಬ್ರಿಟಿಷ್ ವೆಬ್ಲಿ ರಿವಾಲ್ವರುಗಳ ಕಥೆಯೂ ಇಂಥದ್ದೇ. ಮೂಲ .455 ತೋಟಾ ದುರ್ಲಭವಾದಾಗ ಅಮೆರಿಕದಲ್ಲಿ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಭಾಗ ಕೆತ್ತಿ 1911ರ ತೋಟಾ ಆದ .45 ಎಸಿಪಿ ಹಿಡಿಯುವಂತೆ ಮಾಡಿದರು. ಅಂಗಡಿಯ .45 ಎಸಿಪಿಯ ಗರಿಷ್ಠ ಒತ್ತಡ 21,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಮೂಲ .455ರ ಒತ್ತಡ ಅದಕ್ಕಿಂತ ಬಹಳ ಕಡಿಮೆ. ಇಂಥ ರಿವಾಲ್ವರಿನಲ್ಲಿ ಅಂಗಡಿ ತೋಟಾ ಹಾಕಿದರೆ ಸಿಲಿಂಡರ್ ಸೀಳಬಹುದು. ತೋಟಾ ತಾವೇ ತುಂಬಿಕೊಳ್ಳುವ ಅನುಭವಿಗಳಿಗೆ ಬಿಟ್ಟುಬಿಡಿ.

ತೋಟಾದ ಖರ್ಚನ್ನು ಕಾಗದದ ಮೇಲೆ ಲೆಕ್ಕ ಹಾಕಿ. ತಿಂಗಳಿಗೆ ಎರಡು ಸಲ, ಸಲಕ್ಕೆ 100 ಗುಂಡು ಎಂದರೆ ವರ್ಷಕ್ಕೆ 2,400, ಅಂದರೆ 50ರ ಪೆಟ್ಟಿಗೆ 48. ಎರಡು ಬಗೆಯ ತೋಟಾ ನಡುವೆ ಒಂದಕ್ಕೆ 20 ಸೆಂಟ್ ವ್ಯತ್ಯಾಸವಿದ್ದರೂ ವರ್ಷಕ್ಕೆ 480 ಡಾಲರ್ ಆಯಿತು. ಪಿಸ್ತೂಲಿನಲ್ಲಿ 100 ಡಾಲರ್ ಉಳಿಸಿದೆನೆಂಬ ಖುಷಿ ಕೆಲವೇ ತಿಂಗಳಲ್ಲಿ ಕರಗುತ್ತದೆ. ಅದ್ಭುತ ಯಂತ್ರವಾದ ನಾಗಾಂತ್ 1895 ರಿವಾಲ್ವರನ್ನು ಮೊದಲ ಕೊಳ್ಳುವಿಕೆಗೆ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅದರ 7.62×38 ತೋಟಾ ದುಬಾರಿ, ಹುಡುಕಿ ತರಬೇಕು, ಮೇಲಾಗಿ ಟ್ರಿಗರ್ ವಿಪರೀತ ಬಿಗಿ.

ಯಾವುದನ್ನು ಆರಿಸುವುದು

ನಮ್ಮ ಸಲಹೆ ಸ್ಪಷ್ಟ: 9×19 ತಿನ್ನುವ, ಹಲವು ಕೈ ದಾಟಿದ, ನಂಬರು ಹೊಂದದ, ಆದರೆ ಒಳಗೆ ಗಟ್ಟಿಯಿರುವ ಒಂದು ಪಿಸ್ತೂಲು. ಅದರಲ್ಲೂ ವಾಲ್ಥರ್ ಪಿ1 ಒಳ್ಳೆಯ ಆರಂಭ. ಪಿ38ರ ವಿನ್ಯಾಸವನ್ನೇ ಇಟ್ಟುಕೊಂಡು, ಫ್ರೇಮನ್ನು (ಹಿಡಿ, ಟ್ರಿಗರ್ ಇರುವ ಕೆಳಭಾಗ) ಮಾತ್ರ ಅಲ್ಯೂಮಿನಿಯಮ್ ಮಾಡಿ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ 1957ರಿಂದ ತಯಾರಾದದ್ದು. ನಂತರದ ತಯಾರಿಕೆಯಲ್ಲಿ ಗುಂಡು ಹಾರುವ ಕ್ಷಣ ಪಿಸ್ತೂಲನ್ನು ಮುಚ್ಚಿ ಹಿಡಿಯುವ ಲಾಕಿನ ಪೆಟ್ಟು ಬೀಳುವ ಕಡೆ ಫ್ರೇಮಿಗೆ ಅಡ್ಡಲಾಗಿ ಆರು ಮೂಲೆಯ ಉಕ್ಕಿನ ಪಿನ್ ಸೇರಿಸಿದರು. ಹೊರಗಿನಿಂದಲೇ ಕಾಣುತ್ತದೆ. ಅದು ಇರುವುದನ್ನೇ ಆರಿಸಿ. ಯುದ್ಧಕಾಲದ ಪಿ38 ಸಿಕ್ಕರೆ ತಯಾರಕರ ಕೋಡ್ ಓದಲು ಕಲಿಯಿರಿ: ಎಸಿ ಎಂದರೆ ವಾಲ್ಥರ್, ಬಿವೈಎಫ್ ಎಂದರೆ ಮೌಸರ್, ಸಿವೈಕ್ಯೂ ಎಂದರೆ ಸ್ಪ್ರೇವರ್ಕ್. ಯುದ್ಧದ ಕೊನೆಗಾಲದ ಸಿವೈಕ್ಯೂಗಳಲ್ಲಿ ಅವಸರದ ಕೆಲಸದ ಗೀರುಗಳು ಎದ್ದು ಕಾಣುತ್ತವೆ.

1911 ಕೊಳ್ಳುವ ಬಯಕೆ ಬಹಳ ಮಂದಿಗೆ. .45 ತೋಟಾ 9×19ಕ್ಕಿಂತ ದುಬಾರಿ, ಆದರೆ ಎಲ್ಲ ಕಡೆ ಸಿಗುತ್ತದೆ, ಬಿಡಿಭಾಗಕ್ಕೆ ಬರವಿಲ್ಲ. ಸುಮಾರು 1.1 ಕೆಜಿ ಉಕ್ಕು ಕೈಯಲ್ಲಿರುವುದರಿಂದ ಹಿಂದೊದೆತ ನೂಕಿದಂತೆ ಬರುತ್ತದೆ, ಚುಚ್ಚುವುದಿಲ್ಲ. ಸೈನ್ಯದ ಹಳೆಯ 1911ಗಳನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಸಂಸ್ಥೆ 2018ರಲ್ಲಿ ಅರ್ಜಿ ಮತ್ತು ಲಾಟರಿ ಕ್ರಮದಲ್ಲಿ ಮಾರಲು ಶುರು ಮಾಡಿತು. ಅಲ್ಲಿ ಸರ್ವಿಸ್, ಫೀಲ್ಡ್, ರ‍್ಯಾಕ್ ಎಂಬ ದರ್ಜೆಗಳಿವೆ. ಗುರಿ ಅಭ್ಯಾಸಕ್ಕೆ ಫೀಲ್ಡ್ ಸಾಕು.

ಬ್ರೌನಿಂಗ್ ಹೈ-ಪವರ್‌ಗೆ ನಮ್ಮ ನಂಟೂ ಇದೆ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಾರ್ಖಾನೆ ತಯಾರಿಸಿದ ಮಾದರಿಯನ್ನೇ ಆಧರಿಸಿ ಇಶಾಪುರದ ರೈಫಲ್ ಫ್ಯಾಕ್ಟರಿ ಭಾರತೀಯ ಸೈನ್ಯಕ್ಕೆ 'ಪಿಸ್ತೂಲ್ ಆಟೋ 9 ಎಂಎಂ 1ಎ' ಮಾಡಿತು. ಕೈಗೆ ಒಗ್ಗುವ ಹಿಡಿ. ಮ್ಯಾಗಜಿನ್ ತೆಗೆದಾಗ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ತುಣುಕೊಂದು ಒಳಗಿರುವುದರಿಂದ ಟ್ರಿಗರ್ ಎಳೆತ ಒರಟು ಎಂಬುದೊಂದೇ ಕೊರತೆ.

ಟೊಕರೆವ್ ಗಟ್ಟಿ, ಸರಳ. ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ), ಅದರ ಸ್ಪ್ರಿಂಗ್ ಎಲ್ಲ ಒಂದೇ ಗಂಟಾಗಿ ಕೈಗೆ ಬರುತ್ತವೆ. ಮೂಲದಲ್ಲಿ ಸೇಫ್ಟಿ ಲಿವರ್ ಇರಲಿಲ್ಲ. ಅಮೆರಿಕಕ್ಕೆ ತರಿಸುವವರು ಆಮದು ನಿಯಮಕ್ಕಾಗಿ ಸೇರಿಸುತ್ತಾರೆ. ಸೇರಿಸಿದ ಕೆಲಸ ಒಮ್ಮೊಮ್ಮೆ ಸಡಿಲವಾಗಿರುತ್ತದೆ, ಅದನ್ನು ನಂಬಿ ಕೂರಬೇಡಿ. ಸದ್ದು, ಬೆಂಕಿ ಎರಡೂ ಜೋರು. ಹಳೆಯ ಸೈನ್ಯದ ಎಷ್ಟೋ ತೋಟಾಗಳ ಗುಂಡಿನ ತಿರುಳಿನಲ್ಲೋ ಕವಚದಲ್ಲೋ ಉಕ್ಕು ಇರುವುದರಿಂದ ಒಳಾಂಗಣ ರೇಂಜುಗಳು ಆಯಸ್ಕಾಂತ ಹಿಡಿದು ನೋಡಿ ವಾಪಸು ಕಳಿಸುವುದುಂಟು. ಮಕರೋವ್ ಮತ್ತು ಸಿಝಡ್ 82 ಅಗ್ಗವಾಗಿ ಸಿಕ್ಕರೆ ಒಳ್ಳೆಯವೇ. ಅವುಗಳಲ್ಲಿ ನಳಿಕೆ ಫ್ರೇಮಿಗೆ ಕದಲದಂತೆ ಕೂತಿರುತ್ತದೆ, ಸ್ಲೈಡನ್ನು, ಅಂದರೆ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಭಾಗವನ್ನು, ಹಿಡಿದಿಡುವ ಲಾಕಿಲ್ಲ. ಸ್ಲೈಡಿನ ತೂಕ ಮತ್ತು ಬಿಗಿ ಸ್ಪ್ರಿಂಗ್ ಮಾತ್ರ ಒತ್ತಡ ತಡೆಯುವುದರಿಂದ, ಸಣ್ಣ ತೋಟಾ ಆದರೂ ಅಂಗೈಗೆ ಪೆಟ್ಟು ಚುರುಕಾಗಿ ತಾಗುತ್ತದೆ.

ಜರ್ಮನಿಯ ಲುಗರ್ ಪಿ08 ಪಿಸ್ತೂಲು ಬೇಡ, ಈಗಲ್ಲ. ನಂಬರು ಹೊಂದುವ ಲುಗರಿನ ಒಂದು ಸಣ್ಣ ಭಾಗ ಮುರಿದರೂ ಬೆಲೆ ಕುಸಿಯುತ್ತದೆ. ಮುರಿದೀತೆಂಬ ಭಯ ಇಟ್ಟುಕೊಂಡು ಗುರಿ ಅಭ್ಯಾಸ ಆಗುವುದಿಲ್ಲ.

ಮೇಜಿನ ಮುಂದೆ ನಿಂತಾಗ

ಕೊಡಗಿನಲ್ಲಿ ಕೋವಿ ಹಿಡಿದು ಬೆಳೆದವರೂ ಇಲ್ಲಿ ಒಂದು ಗಳಿಗೆ ನಿಧಾನಿಸಬೇಕು. ಕೋವಿ ಉದ್ದ, ಅದರ ಬಾಯಿ ಎಲ್ಲಿಗೆ ತಿರುಗಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಪಿಸ್ತೂಲು ಗೇಣುದ್ದ. ಮಣಿಕಟ್ಟು ಸ್ವಲ್ಪ ತಿರುಗಿದರೆ ಪಕ್ಕದವರ ಹೊಟ್ಟೆಗೆ ನೇರ.

ಮಾರುವವರ ಅನುಮತಿ ಕೇಳಿ ಕೈಗೆತ್ತಿಕೊಳ್ಳಿ. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಆಮೇಲೆ ಚೇಂಬರನ್ನು (ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದುಬಿಟ್ಟರೆ ಚೇಂಬರಿನ ತೋಟಾ ಹೊರಬಿದ್ದು, ಕೆಳಗಿನಿಂದ ಹೊಸತೊಂದು ಅದೇ ಜಾಗಕ್ಕೆ ಬಂದು ಕೂರುತ್ತದೆ. ಹೊರಬಿದ್ದ ತೋಟಾ ನೋಡಿದವರು ಖಾಲಿಯಾಯಿತು ಅಂದುಕೊಳ್ಳುತ್ತಾರೆ.

ಈಗ ನಳಿಕೆ. ಸಾಧ್ಯವಾದರೆ ಬಿಚ್ಚಿಸಿ, ಸಣ್ಣ ಟಾರ್ಚನ್ನು ಚೇಂಬರ್ ಕಡೆಯಿಂದ ಹಿಡಿದು ಬಾಯಿಯಿಂದ ನೋಡಿ. ಸುರುಳಿ ಗೀರುಗಳ ಅಂಚು ಚೂಪಾಗಿದ್ದರೆ, ನಡುವೆ ಕಪ್ಪು ಚುಕ್ಕೆಗಳಿದ್ದರೂ ಗುರಿಗೆ ಅಡ್ಡಿಯಿಲ್ಲ. ತೊಳೆಯುವುದು ಮಾತ್ರ ಹೆಚ್ಚು. ಅಂಚು ಸವೆದು ದುಂಡಗಾಗಿದ್ದರೆ ಗುಂಡು ಸರಿಯಾಗಿ ಸುತ್ತುವುದಿಲ್ಲ, ಬಿಡಿ. ಸಿಝಡ್ 82ರ ನಳಿಕೆ ಮಾತ್ರ ಹುಟ್ಟಿನಿಂದಲೇ ಬಹುಭುಜಾಕೃತಿ, ಅಲ್ಲಿ ಚೂಪು ಅಂಚು ಇರುವುದೇ ಇಲ್ಲ. ಅದನ್ನು ಸವೆತ ಎಂದು ತಿಳಿಯಬೇಡಿ. ನಳಿಕೆಯೊಳಗೆ ಬಳೆಯಂಥ ಕಪ್ಪು ನೆರಳು ಕಂಡರೆ ಅದು ಉಬ್ಬು. ಒಮ್ಮೆ ಗುಂಡು ಒಳಗೇ ಸಿಕ್ಕಿ, ಅದರ ಹಿಂದೆ ಇನ್ನೊಂದು ಹಾರಿದ ಗುರುತು. ಅಂಥದ್ದನ್ನು ಕೊಳ್ಳಬೇಡಿ.

ಹೊರಗೆ ಎಷ್ಟೇ ಮಿರುಗುತ್ತಿರಲಿ, ಹಿಡಿಯ ಪಟ್ಟಿಗಳನ್ನು ಬಿಚ್ಚಿ ನೋಡಲು ಕೇಳಿ. ಒಂದೆರಡು ಸ್ಕ್ರೂ, ಒಂದು ನಿಮಿಷ. ಮರದ ಪಟ್ಟಿ ಎತ್ತಿದ ಕೂಡಲೇ ಹಳೆಯ ಬೆವರು, ಚರ್ಮದ ಹೋಲ್‌ಸ್ಟರಿನ ತೇವ ಎಲ್ಲ ಎಲ್ಲಿ ಹೋಗಿ ಕೂತಿತ್ತೆಂದು ತಿಳಿಯುತ್ತದೆ. ಕೆಂಪು ಪುಡಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಕುಳಿ ಬಿದ್ದಿದ್ದರೆ ಬೆಲೆ ಇಳಿಸಿ ಕೇಳಿ, ಮ್ಯಾಗಜಿನ್ ಕ್ಯಾಚ್ ಹತ್ತಿರ ಕುಳಿಗಳಿದ್ದರೆ ಬೇಡವೆನ್ನಿ. ಖಾಲಿ ಕೋಶ ಹೊರಹಾರುವ ಕಿಂಡಿಯ ಮೂಲೆಗಳಲ್ಲಿ, ಸ್ಲೈಡಿನ ಹಳಿಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ.

ನಾಲ್ಕು ಪರೀಕ್ಷೆಗಳು, ಎಲ್ಲವೂ ಖಾಲಿ ಪಿಸ್ತೂಲಿನಲ್ಲಿ, ಬಾಯಿ ಸುರಕ್ಷಿತ ದಿಕ್ಕಿಗೆ. ಹ್ಯಾಮರ್ ಎಳೆದು ನಿಲ್ಲಿಸಿ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ: ಬೀಳಬಾರದು. ಬಿದ್ದರೆ ಒಳಗಿನ ಕೊಕ್ಕೆ ಸವೆದಿದೆ. ಟ್ರಿಗರ್ ಒತ್ತಿ ಹಿಡಿದೇ ಸ್ಲೈಡ್ ಎಳೆದು ಬಿಡಿ: ಹ್ಯಾಮರ್ ಎದ್ದೇ ನಿಲ್ಲಬೇಕು. ಸ್ಲೈಡಿನ ಜೊತೆ ಕೆಳಗಿಳಿದರೆ ಒಂದು ಒತ್ತಿಗೆ ಎರಡು ಮೂರು ಗುಂಡು ಹಾರುವ ಅಪಾಯವಿದೆ. ಸ್ಲೈಡನ್ನು ಕೆಲವು ಮಿಲಿಮೀಟರ್ ಹಿಂದೆ ಹಿಡಿದು ಟ್ರಿಗರ್ ಒತ್ತಿ: ಹ್ಯಾಮರ್ ಬೀಳಬಾರದು. ನಾಲ್ಕನೆಯದಕ್ಕೆ ಒಂದು ಸೀಸದ ಕಡ್ಡಿ (ಪೆನ್ಸಿಲ್) ಸಾಕು. ಅದರ ರಬ್ಬರ್ ತುದಿ ಕೆಳಗಾಗುವಂತೆ ನಳಿಕೆಯೊಳಗೆ ಬಿಟ್ಟು, ಬಾಯಿ ಮೇಲಕ್ಕೆ ಹಿಡಿದು, ಮುಖ ಪಕ್ಕಕ್ಕಿಟ್ಟು ಟ್ರಿಗರ್ ಒತ್ತಿ. ತೋಟಾದ ಬುಡಕ್ಕೆ ಕುಟ್ಟುವ ಫೈರಿಂಗ್ ಪಿನ್ ಆರೋಗ್ಯವಾಗಿದ್ದರೆ ಕಡ್ಡಿ ಚಂಗನೆ ಹಾರುತ್ತದೆ. ಪಿ38, ಪಿ1ರಲ್ಲಿ ಇದನ್ನೇ ಇನ್ನೊಂದು ರೀತಿ ಮಾಡಿ. ಹ್ಯಾಮರ್ ಎದ್ದಿರುವಾಗ ಸೇಫ್ಟಿ ಲಿವರ್ ಕೆಳಗೆ ತಳ್ಳಿ. ಹ್ಯಾಮರ್ ಬೀಳುತ್ತದೆ, ಆದರೆ ಕಡ್ಡಿ ಅಲುಗಬಾರದು. ಅಲುಗಿದರೆ ಪಿನ್ನನ್ನು ತಡೆಯಬೇಕಾದ ಭಾಗ ಸವೆದಿದೆ ಎಂದರ್ಥ. ತೋಟಾ ತುಂಬಿದ್ದಾಗ ಅದೇ ಲಿವರ್ ಗುಂಡು ಹಾರಿಸೀತು.

ಜೆಕ್ ಸಿಝಡ್ 52 ಮತ್ತು ಸ್ಪೇನಿನ ಸ್ಟಾರ್ ಬಿಎಂಗಳಲ್ಲಿ ಹೀಗೆ ಖಾಲಿ ಟ್ರಿಗರ್ ಒತ್ತಲೇಬೇಡಿ. ಅವುಗಳ ಫೈರಿಂಗ್ ಪಿನ್ ಪೆಡಸು, ಖಾಲಿ ಹೊಡೆತಕ್ಕೇ ಮುರಿಯುತ್ತದೆ. ಸಿಝಡ್ 52ರ ಹ್ಯಾಮರ್ ಇಳಿಸುವ ಲಿವರನ್ನೂ ತೋಟಾ ಇರುವಾಗ ಬಳಸಬಾರದು.

ಮ್ಯಾಗಜಿನ್ ಎಷ್ಟು ಜೊತೆಗೆ ಬರುತ್ತದೆ ಎಂದು ಕೇಳಿ. ಹಳೆಯ ಪಿಸ್ತೂಲಿನ ತೊಂದರೆಗಳಲ್ಲಿ ದೊಡ್ಡ ಪಾಲು ಮ್ಯಾಗಜಿನ್ನಿನ ಬಾಯಿಯ ತುಟಿ ಸೊಟ್ಟಗಾಗಿರುವುದರಿಂದಲೇ ಬರುತ್ತದೆ.

ಮನೆಗೆ ತಂದ ಮೇಲೆ

ಗೋದಾಮಿನಿಂದ ಬಂದದ್ದಾದರೆ ಕಾಸ್ಮೊಲಿನ್ ಎಂಬ ಕಂದು ಗ್ರೀಸು ಒಳಗೆಲ್ಲ ಗಟ್ಟಿಯಾಗಿರುತ್ತದೆ. ಹೊರಗೆ ಒರೆಸಿದರೆ ಸಾಲದು. ಫೈರಿಂಗ್ ಪಿನ್ನಿನ ದಾರಿಯಲ್ಲಿ ಅದು ಉಳಿದರೆ ಎರಡರಲ್ಲಿ ಒಂದಾಗುತ್ತದೆ: ಪಿನ್ ನಿಧಾನವಾಗಿ ತೋಟಾ ಸಿಡಿಯದೆ ಉಳಿಯುತ್ತದೆ, ಇಲ್ಲವೇ ಪಿನ್ ಮುಂದೆ ಚಾಚಿಕೊಂಡೇ ಸಿಕ್ಕಿಬಿದ್ದು ಸ್ಲೈಡ್ ಮುಚ್ಚಿದಾಗಲೇ ಗುಂಡು ಹಾರುತ್ತದೆ. ಪಿನ್ ಹೊರತೆಗೆದು ಮಿನರಲ್ ಸ್ಪಿರಿಟ್‌ನಲ್ಲಿ ತೊಳೆಯಿರಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ.

ರಿಕಾಯಿಲ್ ಸ್ಪ್ರಿಂಗ್ (ಹಿಂದೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವುದು) ಬದಲಿಸಿ, ಹಳೆಯದು ಚೆನ್ನಾಗಿ ಕಂಡರೂ. 1911ಕ್ಕೆ 16 ಪೌಂಡಿನದು. ಹೊಸದನ್ನು ಪಕ್ಕದಲ್ಲಿಟ್ಟರೆ ಹಳೆಯದು ಎಷ್ಟು ಕುಗ್ಗಿದೆ ಎಂದು ಗೊತ್ತಾಗುತ್ತದೆ. ಸೋತ ಸ್ಪ್ರಿಂಗಿನಲ್ಲಿ ಸ್ಲೈಡ್ ಪ್ರತಿ ಸಲವೂ ಫ್ರೇಮಿಗೆ ಗುದ್ದುತ್ತದೆ, ಬಿರುಕು ಹುಟ್ಟುವುದು ಹೀಗೇ. ಖಾಲಿ ಕೋಶಗಳು ತೀರಾ ದೂರ ಹೋಗಿ ಬೀಳುತ್ತಿದ್ದರೆ ಅದೇ ಸೂಚನೆ.

ಮೊದಲ ಸಲ ಹಾರಿಸುವ ಮುನ್ನ ಒಬ್ಬ ಗನ್‌ಸ್ಮಿತ್ ನೋಡಿದ್ದರೆ ಒಳ್ಳೆಯದು. ರೇಂಜಿನಲ್ಲಿ ಕನ್ನಡಕ, ಕಿವಿಗೆ ರಕ್ಷಣೆ. ಮ್ಯಾಗಜಿನ್‌ನಲ್ಲಿ ಒಂದೇ ತೋಟಾ ಹಾಕಿ ಹಾರಿಸಿ, ಖಾಲಿ ಕೋಶ ಎತ್ತಿ ನೋಡಿ. ಬುಡದಲ್ಲಿ ಕಿಡಿ ಹಚ್ಚುವ ಪ್ರೈಮರ್ ಮಧ್ಯದಲ್ಲಿ ದುಂಡನೆಯ ಗುಳಿ ಇರಬೇಕು, ತೂತಾಗಿರಬಾರದು, ಕೋಶ ಉಬ್ಬಿರಬಾರದು, ಸೀಳಿರಬಾರದು. ಆಮೇಲೆ ಎರಡು ತೋಟಾ. ಒಂದು ಒತ್ತಿಗೆ ಎರಡೂ ಹಾರುವ ದೋಷವಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ, ಎಂಟು ತುಂಬಿ ಕಂಡುಕೊಳ್ಳುವ ಪಾಡು ಬೇಡ. ಎರಡು ಸರಿಯಾಗಿ ಐದಾರು ಸಲ ನಡೆದ ಮೇಲೆ ಪೂರ್ತಿ ಮ್ಯಾಗಜಿನ್. ಒತ್ತಿದಾಗ ಸದ್ದು ಮಂಕಾಗಿ 'ಪುಸ್' ಎಂದರೆ ತಕ್ಷಣ ನಿಲ್ಲಿಸಿ, ಖಾಲಿ ಮಾಡಿ, ಗುಂಡು ನಳಿಕೆಯಲ್ಲಿ ಸಿಕ್ಕಿದೆಯೇ ನೋಡಿ. ತೋಟಾ ದುಂಡು ಮೂತಿಯ, ಪೂರ್ಣ ಲೋಹದ ಕವಚದ ಗುಂಡಿನದ್ದೇ ಇರಲಿ. ಈ ಪಿಸ್ತೂಲುಗಳ ಚೇಂಬರ್ ದಾರಿ ಅದಕ್ಕೆಂದೇ ಕೊರೆದದ್ದು, ತೂತು ಮೂತಿಯ ಗುಂಡು ಏರುವಾಗ ಸಿಕ್ಕಿಕೊಳ್ಳುತ್ತದೆ.

ಗುರಿ ಪಕ್ಕಕ್ಕೆ ಹೋಗುತ್ತಿದ್ದರೆ ಮೊದಲು 7 ಮೀಟರಿನಲ್ಲಿ, ಮೂಟೆಯ ಮೇಲೆ ಕೈಯೂರಿ ಐದು ಗುಂಡು ಹಾರಿಸಿ ನೋಡಿ. ಎಷ್ಟೋ ಸಲ ತಪ್ಪು ಟ್ರಿಗರ್ ಬೆರಳಿನದು. ಗುಂಪು ಒಂದೇ ಕಡೆ ಬೀಳುತ್ತಿದೆ ಎಂದು ಖಚಿತವಾದರೆ ಹಿಂದಿನ ಸೈಟನ್ನು (ಗುರಿ ಹಿಡಿಯಲು ನೋಡುವ ಕಂಡಿ) ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು, ಮುಂದಿನದನ್ನಾದರೆ ವಿರುದ್ಧ ದಿಕ್ಕಿಗೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ: ತಪ್ಪಿದ ಅಂತರವನ್ನು ಎರಡು ಸೈಟುಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 1911ರಲ್ಲಿ ಸೈಟುಗಳ ನಡುವೆ ಸುಮಾರು 16.5 ಸೆಂಟಿಮೀಟರ್. 15 ಮೀಟರಿನಲ್ಲಿ 6 ಸೆಂಟಿಮೀಟರ್ ಎಡಕ್ಕೆ ಹೋಗುತ್ತಿದ್ದರೆ 6×16.5÷1500, ಅಂದರೆ 0.066 ಸೆಂಟಿಮೀಟರ್. ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ! ಸುತ್ತಿಗೆಯಲ್ಲಿ ಬಡಿದು ಸರಿಮಾಡುತ್ತೇನೆ ಎನ್ನುವವರು ಈ ಅಂಕಿ ನೆನಪಿಟ್ಟುಕೊಳ್ಳಲಿ. ಹಿತ್ತಾಳೆಯ ಕಡ್ಡಿ, ಮೆಲ್ಲಗೆ ಒಂದೊಂದೇ ತಟ್ಟು.

ಹಳೆಯ ಸೈನ್ಯದ ತೋಟಾ ಹಾರಿಸಿದ್ದರೆ ಅದೇ ದಿನ ನೀರು ಹಾಕಿ ತೊಳೆಯಬೇಕು. ಅವುಗಳ ಪ್ರೈಮರಿನಲ್ಲಿರುವ ಪೊಟ್ಯಾಸಿಯಮ್ ಕ್ಲೋರೇಟ್ ಸುಟ್ಟು ಉಳಿಯುವುದು ಉಪ್ಪು. ಅದು ಗಾಳಿಯ ತೇವ ಎಳೆದುಕೊಂಡು ನಳಿಕೆಗೆ ತುಕ್ಕು ತರುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಎಷ್ಟು ಒರೆಸಿದರೂ ಅಷ್ಟೇ. ಹಿಡಿಯ ಮರದ ಪಟ್ಟಿ ತೆಗೆದಿಟ್ಟು, ನಳಿಕೆ, ಸ್ಲೈಡಿನ ಮುಖಕ್ಕೆ ಬಿಸಿನೀರು ಹೊಯ್ದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಕೈಯಲ್ಲಿ ಸೀಸದ ಪುಡಿ ಇರುತ್ತದೆ, ತಿಂಡಿ ಮುಟ್ಟುವ ಮುನ್ನ ತಣ್ಣೀರು, ಸೋಪಿನಲ್ಲಿ ತೊಳೆದುಕೊಳ್ಳಿ. ಚರ್ಮದ ಹೋಲ್‌ಸ್ಟರ್ ನೋಡಲು ಚೆಂದ, ಆದರೆ ಪಿಸ್ತೂಲನ್ನು ಅದರೊಳಗೆ ಇಟ್ಟು ತಿಂಗಳುಗಟ್ಟಲೆ ಬಿಡಬೇಡಿ. ಸೇಫಿನಲ್ಲಿ ಬೇರೆಬೇರೆ ಇಡಿ. ಬಿಚ್ಚಿದ ಮೂಲ ಸ್ಪ್ರಿಂಗ್, ಮೂಲ ಹಿಡಿಪಟ್ಟಿಗಳನ್ನು ಎಸೆಯದೆ ಸೀರಿಯಲ್ ನಂಬರ್ ಬರೆದ ಕವರಿನಲ್ಲಿ ಹಾಕಿ ಅದೇ ಸೇಫಿನಲ್ಲಿ ಇಡಿ. ಮುಂದೆ ಮಾರುವಾಗ ಸಂಗ್ರಹಕಾರರು ಮೊದಲು ಕೇಳುವುದು ಅವನ್ನೇ.